ಹಾಲಪ್ಪನ ಕೋಲು

ಬುಡೇನ್ ಸಾಬರು ಬರುತ್ತಾರಂತೆ ಎಂದು ಹಾಲಪ್ಪ ಬಂದು ಹೇಳಿದಾಗ ನಾನು ಭಜನಾ ಮಂಡಳಿಯ ಹಳೆಯ ಹಾರ್ಮೋನಿಯಂ ಬಿಚ್ಚಿಕೊಂಡು ಅದರ ತಿದಿಗೆ ಚರ್ಮದ ತೇಪೆ ಅಂಟಿಸುತ್ತಿದ್ದೆ. "ಯಾವ ಬುಡೇನ್ ಸಾಬರು?" ಎಂದೆ. ಗೊತ್ತಿದ್ದೂ ಕೇಳಿದೆ.

"ನಮ್ಮೂರಿಗೆ ಎಷ್ಟು ಜನ ಬುಡೇನ್ ಸಾಬ್ರು ಇದಾರೋ? ಕೋಲಿನ ಬುಡೇನ್ ಸಾಬ್ರು. ಪದ್ಮರಾಜಯ್ಯನೋರು ಕಾಗದ ಬರೆದಿದ್ರಂತೆ. ಕರ್ಕೊಂಡು ಬರ್ತೀನಿ ಅಂತ ಅವರ ಮಗಳು ಒಪ್ಕೊಂಡಿದಾಳೆ. ಈ ಸಲ ಪ್ರದರ್ಶನಕ್ಕೆ ಸಾಬ್ರ ಕೋಲು ಇರೋರೆಲ್ಲ ತಗೊಂಡು ಬರಬೇಕು. ಒಂದೊಂದನ್ನೂ ಅವರೇ ಮುಟ್ತಾರಂತೆ." ಇಷ್ಟು ಹೇಳಿ ಹಾಲಪ್ಪ ನನ್ನ ಸ್ಟೂಲು ಎಳೆದುಕೊಂಡು ಕೂತು ಎರಡೂ ಕೈಯಿಂದ ಮಂಡಿ ಉಜ್ಜಿಕೊಂಡ. ಅರವತ್ತೆರಡು ವರ್ಷದ ಮನುಷ್ಯ. ಮುಖದಲ್ಲಿ ಹೊಸ ಅಂಗಿ ಸಿಕ್ಕ ಹುಡುಗನ ಕಳೆ. ನನ್ನ ತೇಪೆ ವಾರೆಯಾಗಿ ಅಂಟಿತು.

ನಮ್ಮೂರಿನ ಸಂಗತಿಯನ್ನು ಹೊರಗಿನವರಿಗೆ ಮೊದಲೇ ಹೇಳಿಬಿಡಬೇಕು. ಇಲ್ಲಿ ಕೈಯಿಂದ ಮಾಡಿದ ಯಾವ ಸಾಮಾನೇ ಆಗಲಿ, ಅದನ್ನು ಮಾಡಿದವರು ಮುಟ್ಟಿದರೆ ಬೆಚ್ಚಗಾಗುತ್ತದೆ. ಸುಡುವಷ್ಟಲ್ಲ, ಯಾರೋ ಈಗಷ್ಟೇ ಎದ್ದು ಹೋದ ಹಾಸಿಗೆಯಷ್ಟು. ಶಾಲೆಯಲ್ಲಿ ಮಕ್ಕಳು ಮಣ್ಣಿನ ಹಣ್ಣು, ಕಾಗದದ ದೋಣಿ ತಂದರೆ ಮೇಷ್ಟ್ರು "ಮುಟ್ಟು ನೋಡೋಣ" ಎನ್ನುತ್ತಾರೆ. ಅಮ್ಮಂದಿರಿಂದ ಮಾಡಿಸಿಕೊಂಡು ಬಂದವರು ಅಲ್ಲೇ ಅಳಲು ಶುರುಮಾಡುತ್ತಾರೆ. ಕೌದಿ ಹೊಲಿದ ಅಜ್ಜಿಯರು ಚಳಿಯ ದಿನಗಳಲ್ಲಿ ಅದನ್ನು ಮೊಮ್ಮಕ್ಕಳಿಗೆ ಹೊದಿಸಿ ತಾವು ಒಂದು ಅಂಚು ಹಿಡಿದು ಕೂರುತ್ತಾರೆ. ಕದ್ದ ಮಾಲು ಮಾರುವವರಿಗೆ ಮಾತ್ರ ನಮ್ಮೂರು ಆಗಿಬರುವುದಿಲ್ಲ. ಮಾಡಿದವರು ತೀರಿಹೋದರೆ ಅವರ ಸಾಮಾನು ತಣ್ಣಗಾಯಿತು ಎನ್ನುತ್ತೇವೆ. ರಿಪೇರಿ ಲೆಕ್ಕಕ್ಕಿಲ್ಲ. ಮೂವತ್ತೈದು ವರ್ಷದಿಂದ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರೂ ಒಂದು ಪೆಟ್ಟಿಗೆಯೂ ನನ್ನ ಕೈಗೆ ಬೆಚ್ಚಗಾಗಿಲ್ಲ.

ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆದು ಗುಳಿಗೆ ಹಾಕುವ ಪೂಲ್ ಆಟದ ಹುಚ್ಚು ಊರಿಗೆ ಯಾವಾಗ ಹತ್ತಿತೋ ಯಾರಿಗೂ ನೆನಪಿಲ್ಲ. ಹಳೆಯ ಅಕ್ಕಿ ಗಿರಣಿಯ ಮಗ್ಗುಲಿಗೆ ಒಂದು ಕ್ಲಬ್ಬು ಇದೆ, ಅದರಲ್ಲಿ ಹಸಿರು ಬಟ್ಟೆಯ ಮೂರು ಮೇಜು. ಸಂಜೆ ಅಲ್ಲಿ ಡಾಕ್ಟರು, ಲೈನ್‌ಮನ್ನು ಎಲ್ಲರೂ ಒಂದೇ ಸಾಲಿನಲ್ಲಿ ತಮ್ಮ ಸರದಿಗೆ ಕಾಯುತ್ತಾರೆ. ಬೇರೆ ಊರಿನವರು ಕ್ಯೂ ಎನ್ನುವುದನ್ನು ನಾವು ಕೋಲು ಎನ್ನುತ್ತೇವೆ. ಕಾರ್ಖಾನೆಯ ಕೋಲಿಗೆ ಇಲ್ಲಿ ಮರ್ಯಾದೆ ಇಲ್ಲ. ಕೈಯಲ್ಲಿ ಮಾಡಿದ ಕೋಲು ಬೇಕು, ಮಾಡಿದವರ ಹೆಸರು ಗೊತ್ತಿರಬೇಕು. ಆಡುವವರಿಗಿಂತ ಕೂಡಿಡುವವರೇ ಹೆಚ್ಚಾದ ಮೇಲೆ ವರ್ಷಕ್ಕೊಮ್ಮೆ ಪ್ರದರ್ಶನ ಶುರುವಾಯಿತು. ಪದ್ಮರಾಜಯ್ಯನವರು ಅದರ ಕಾರ್ಯದರ್ಶಿ. ಜವಳಿ ಅಂಗಡಿ ಮಗನಿಗೆ ಬಿಟ್ಟುಕೊಟ್ಟು ಪೂರ್ತಿ ಇದಕ್ಕೇ ನಿಂತಿದ್ದರು.

ಕೋಲು ಮಾಡುವವರಲ್ಲಿ ಬುಡೇನ್ ಸಾಬರ ಮಾತೇ ಬೇರೆ. ಹಿಡಿಗೆ ಬೀಟೆ, ಮುಂಭಾಗಕ್ಕೆ ಹಾಲೆ ಮರ, ಎರಡೂ ಸೇರುವಲ್ಲಿ ಬೆಂಕಿಯ ನಾಲಗೆಯಂಥ ನಾಲ್ಕು ಚೂಪು ಬೆಸುಗೆ. ಜೀವಮಾನದಲ್ಲಿ ಅವರು ಮಾಡಿದ್ದೇ ಕಡಿಮೆ, ಊರಲ್ಲಿ ಉಳಿದದ್ದು ಒಂಬತ್ತು. ಆ ಒಂಬತ್ತರಲ್ಲಿ ಎಂಟು ಹಣವಂತರ ಮನೆಯ ಗಾಜಿನ ಬೀರುವಿನಲ್ಲಿದ್ದವು. ಒಂಬತ್ತನೆಯದು ಪುರಸಭೆಯ ರೋಡ್ ರೋಲರ್ ಓಡಿಸುತ್ತಿದ್ದ ಹಾಲಪ್ಪನದು. ಒಮ್ಮೆ ಮರ ಕಡೆಯುವ ಸಾಬರ ಲೇತು ಯಂತ್ರವನ್ನು ಹೊಸ ಮನೆಗೆ ಸಾಗಿಸುವಾಗ ಗಾಡಿ ಹೂತುಹೋಗಿ, ಹಾಲಪ್ಪ ತನ್ನ ರೋಲರಿಗೆ ಹಗ್ಗ ಕಟ್ಟಿ ಎಳೆದು ತಂದುಕೊಟ್ಟಿದ್ದ. ಏನೂ ತೆಗೆದುಕೊಳ್ಳಲಿಲ್ಲ. ಆರು ತಿಂಗಳಾದ ಮೇಲೆ ಸಾಬರು ಮನೆಗೆ ಬಂದು ಕೋಲು ಕೊಟ್ಟು ಹೋದರು. ದಿನವಿಡೀ ರೋಲರಿನ ಮೇಲೆ ನಡುಗಿದ ಕೈ ಸಂಜೆ ಅದನ್ನು ಹಿಡಿದರೆ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಸಾಬರ ಕೋಲಿನಲ್ಲಿ ದಿನಾ ಆಡುತ್ತಿದ್ದವನು ಅವನೊಬ್ಬನೇ.

ಆ ಕೋಲನ್ನು ನಾನು ಮುರಿದೆ. ಹದಿನೆಂಟು ವರ್ಷ ಈ ನಾಲ್ಕು ಪದಗಳನ್ನು ಯಾರ ಮುಂದೆಯೂ ಆಡಿರಲಿಲ್ಲ.

ಹಾಲಪ್ಪ ಮಗಳ ಬಾಣಂತನಕ್ಕೆಂದು ಹೆಂಡತಿಯನ್ನು ಕರೆದುಕೊಂಡು ತಿಂಗಳ ಮಟ್ಟಿಗೆ ಬೀಗರ ಊರಿಗೆ ಹೊರಟಿದ್ದ. ಹೋಗುವ ಮುಂಚೆ ಚೆಂಡಿಗೆ ತಾಗುವ ತುದಿಯ ಚರ್ಮ ಸವೆದಿದೆ, ಬದಲಾಯಿಸಿಡು ಎಂದು ಕೋಲನ್ನು ನನ್ನ ಅಂಗಡಿಯಲ್ಲಿ ಬಿಟ್ಟ. ಚರ್ಮ ಹಾಕಿದೆ. ಹಾಕಿದ ಮೇಲೆ ಒಂದು ಆಟ ಆಡಬೇಕೆನ್ನಿಸಿತು. ಮಧ್ಯಾಹ್ನ ಕ್ಲಬ್ಬಿನಲ್ಲಿ ಯಾರೂ ಇರಲಿಲ್ಲ. ಸಾಬರ ಕೋಲು ಕೈಗೆ ಬಂದರೆ ನಾನೂ ಹಾಲಪ್ಪನ ಹಾಗೆ ಆಡಬಹುದೆಂದು ಒಳಗೊಳಗೇ ನಂಬಿದ್ದೆ ಎಂದು ಕಾಣುತ್ತದೆ. ಒಂದು ಗಂಟೆ ಆಡಿದೆ. ಮಕ್ಕಳೂ ಹಾಕುವಂಥ ಚೆಂಡುಗಳು ಗುಳಿಯ ಬಾಯಿಂದ ವಾಪಸು ಬಂದವು. ಕೊನೆಗೆ ಒಂದು ಚೆಂಡು ತಪ್ಪಿದಾಗ ಎಲ್ಲಿಂದ ಆ ಸಿಟ್ಟು ಬಂತೋ, ಕೋಲನ್ನು ಮೇಜಿನ ಅಂಚಿಗೆ ಬೀಸಿ ಹೊಡೆದೆ. ಬೆಸುಗೆಯ ಹತ್ತಿರ ಲಟಕ್ಕನೆ ಎರಡಾಯಿತು. ಕೈ ಜಾರಿತು, ಬಿದ್ದುಹೋಯಿತು ಎಂದೆಲ್ಲ ಆಮೇಲೆ ನನಗೆ ನಾನೇ ಹೇಳಿಕೊಂಡದ್ದುಂಟು. ಜಾರಲಿಲ್ಲ. ಹೊಡೆದೆ.

ಸಾಬರ ಹತ್ತಿರ ಓಡಿದೆ. ಮನೆಗೆ ಬೀಗ. ಆ ವಾರವೇ ಅವರು ಅಂಗಡಿ ಮುಚ್ಚಿ, ದೂರದ ಊರಿನಲ್ಲಿದ್ದ ಮಗಳ ಮನೆಗೆ ಹೊರಟುಹೋಗಿದ್ದರು. ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ ಅಟ್ಟದಿಂದ ನಮ್ಮಪ್ಪನ ಕಾಲದ ಬೀಟೆ ಹಲಗೆ, ಹಾಲೆ ಮರದ ಪಟ್ಟಿ ಇಳಿಸಿದೆ. ಮುರಿದ ತುಂಡುಗಳನ್ನು ಎದುರಿಗಿಟ್ಟುಕೊಂಡು, ಅಳತೆ ತೆಗೆದು, ಕೆತ್ತಿ, ಕಡೆದು, ಉಜ್ಜಿ, ಇಪ್ಪತ್ತಮೂರು ದಿನದಲ್ಲಿ ಅದೇ ಕೋಲು ಮಾಡಿದೆ. ಆ ಇಪ್ಪತ್ತಮೂರು ದಿನಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಐದಾರು ದಿನ ಕಳೆದ ಮೇಲೆ, ಒಂದು ಬೆಳಿಗ್ಗೆ, ಬೀಟೆಯ ಹಿಡಿ ನನ್ನ ಅಂಗೈಯಲ್ಲಿ ಬೆಚ್ಚಗಾಯಿತು. ನಾನು ಉಳಿ ಕೆಳಗಿಟ್ಟು ಹಾಗೇ ಕೂತೆ. ನಲವತ್ತು ವರ್ಷದ ಬಾಳಿನಲ್ಲಿ ಮೊದಲ ಸಲ ಒಂದು ಸಾಮಾನು ನನ್ನನ್ನು ಗುರುತು ಹಿಡಿದಿತ್ತು.

ಹಾಲಪ್ಪ ಬಂದ ದಿನ ಅದನ್ನು ಟವೆಲಿನಲ್ಲಿ ಸುತ್ತಿ ಕೊಟ್ಟೆ. ಅವನು ತುದಿ ನೋಡಿದ, ಎರಡು ಸಲ ಗಾಳಿಯಲ್ಲಿ ತೂಗಿದ, "ಚೆನ್ನಾಗಿ ಹಾಕಿದೀಯ ಕಣೋ ಚರ್ಮಾನ" ಎಂದ. ನಾನು "ಹೌದು" ಎಂದೆ. ಅಂದಿನಿಂದ ನಾನು ಅದನ್ನು ಮುಟ್ಟಲಿಲ್ಲ. ಮುಟ್ಟಿದರೆ ಬೆಚ್ಚಗಾಗುತ್ತದೆ, ಇನ್ನೊಂದು ತುದಿ ಹಿಡಿದ ಹಾಲಪ್ಪನಿಗೆ ಗೊತ್ತಾಗುತ್ತದೆ. ತುದಿಯ ಚರ್ಮ ಮತ್ತೆ ಸವೆದಾಗ, ಆ ಅಂಟು ನನ್ನ ಕೈಗೆ ಆಗುವುದಿಲ್ಲ, ಬೇರೆಯವರಿಂದ ಹಾಕಿಸು ಎಂದೆ. ಒಮ್ಮೆ ಬೆಂಚಿಗೆ ಒರಗಿಸಿದ್ದ ಕೋಲು ಜಾರಿ ನನ್ನ ಕಡೆಗೇ ಬಿತ್ತು. ಹಿಡಿಯಬಹುದಿತ್ತು. ಹಾವು ಕಂಡವನಂತೆ ಹಿಂದಕ್ಕೆ ಹಾರಿದೆ. ಕೋಲು ನೆಲಕ್ಕೆ ಬಿತ್ತು. ಹಾಲಪ್ಪ ನನ್ನ ಮುಖ ನೋಡಿದ, ಕೋಲು ಎತ್ತಿ ಚೀಲಕ್ಕೆ ಹಾಕಿಕೊಂಡ. ಆ ಕೋಲಿನಲ್ಲಿ ಅವನು ಊರಿನ ಪಂದ್ಯ ಮೂರು ಸಲ ಗೆದ್ದ. ಮೂರು ಸಲವೂ ನಾನು ದೂರ ನಿಂತು ಚಪ್ಪಾಳೆ ತಟ್ಟಿದೆ.

ಈಗ ಸಾಬರು ಬರುತ್ತಿದ್ದರು. ಪ್ರದರ್ಶನಕ್ಕೆ ಒಂಬತ್ತು ದಿನವಿತ್ತು. ಒಂಬತ್ತು ದಿನವೂ ಹೇಳಬೇಕೆಂದು ಹಾಲಪ್ಪನ ಮನೆಯ ತನಕ ಹೋದೆ. ಒಂದು ದಿನ ಅವನು ಕೋಲಿಗೆ ಎಣ್ಣೆ ಸವರುತ್ತಿದ್ದ. ಒಂದು ದಿನ ಅವನ ಹೆಂಡತಿ ಅದಕ್ಕೆ ಹೊಸ ಬಟ್ಟೆಯ ಚೀಲ ಹೊಲಿಯುತ್ತಿದ್ದಳು. ಪ್ರದರ್ಶನದ ಹಿಂದಿನ ದಿನ ಧೈರ್ಯಮಾಡಿ, "ಬೇಡ ಹಾಲಪ್ಪ, ಆ ಜನದ ಮಧ್ಯೆ ಯಾಕೆ ತಗೊಂಡು ಹೋಗ್ತೀಯ? ಯಾರಾದ್ರೂ ಏನಾದ್ರೂ ಮಾಡಿಬಿಟ್ರೆ?" ಎಂದೆ. ಅವನು ನಕ್ಕ. "ಎಂಟು ಜನ ಶ್ರೀಮಂತರ ಪಕ್ಕ ಕುರ್ಚಿ ಹಾಕ್ತಾರಂತೆ ಕಣೋ ನಂಗೆ. ನಾನು ಹಾಕಿದ ರಸ್ತೆ ಮೇಲೆ ಓಡಾಡಿದಾರೆ, ನನ್ನ ಪಕ್ಕ ಯಾವತ್ತಾದ್ರೂ ಕೂತಿದಾರಾ?" ನಾನು ಎದ್ದು ಮನೆಗೆ ಬಂದೆ.

ಪ್ರದರ್ಶನ ನಡೆಯುವುದು ಮುಚ್ಚಿಹೋದ ಸಿನಿಮಾ ಟಾಕೀಸಿನಲ್ಲಿ. ಕುರ್ಚಿ ಕಿತ್ತು ಉದ್ದನೆಯ ಮೇಜುಗಳನ್ನು ಹಾಕಿದ್ದರು. ಬಿಳಿ ಬಟ್ಟೆಯ ಮೇಲೆ ನೂರಾರು ಕೋಲು. ಬಿದಿರಿನಷ್ಟು ಹಗುರಾದವು, ಹಿಡಿಯಲ್ಲಿ ಬೆಳ್ಳಿ ಚುಕ್ಕೆ ಕೂರಿಸಿದವು, ಮೂರು ತುಂಡಾಗಿ ಬಿಚ್ಚಿ ಪೆಟ್ಟಿಗೆಯಲ್ಲಿ ಮಲಗಿಸಿದವು. ಜನ ಬಗ್ಗಿ ಒಂದು ಕಣ್ಣು ಮುಚ್ಚಿ ಕೋಲಿನ ನೇರ ನೋಡುತ್ತಿದ್ದರು, ಮೇಜಿನ ಮೇಲೆ ಉರುಳಿಸಿ ಕುಣಿಯುತ್ತದೆಯೇ ಎಂದು ಕಿವಿಗೊಡುತ್ತಿದ್ದರು. ಹೊಸದಾಗಿ ಕೋಲು ಮಾಡುವವರು ತಮ್ಮ ಮೇಜಿನ ಹಿಂದೆ ನಿಂತು, ಕೇಳಿದವರಿಗೆಲ್ಲ ಒಂದು ತುದಿ ಕೊಟ್ಟು ಇನ್ನೊಂದು ತುದಿ ತಾವು ಹಿಡಿದು, "ಬಂತಾ? ಬೆಚ್ಚಗೆ ಬಂತಾ?" ಎನ್ನುತ್ತಿದ್ದರು. ಬೇರೆ ದಿನವಾಗಿದ್ದರೆ ನಾನೂ ಎಲ್ಲ ಮೇಜಿಗೆ ಹೋಗಿ ಹಿಡಿದು ನೋಡುತ್ತಿದ್ದೆ.

ಪರದೆ ಇದ್ದ ಜಾಗದಲ್ಲಿ ಒಂದು ಮರದ ಕುರ್ಚಿ. ಅದರಲ್ಲಿ ಬುಡೇನ್ ಸಾಬರು. ತೊಂಬತ್ತಕ್ಕೆ ಹತ್ತಿರ ವಯಸ್ಸು, ಹತ್ತಿಯಂಥ ಗಡ್ಡ, ತುಂಬ ಸಣ್ಣಗಾಗಿದ್ದರು. ಪಕ್ಕದಲ್ಲಿ ಮಗಳು ಜೈತೂನ್ ನಿಂತು ತಂದೆಯ ಮಂಡಿಯ ಮೇಲೆ ಶಾಲು ಸರಿಮಾಡುತ್ತಿದ್ದಳು. ಕೋಲು ತಂದವರು ಸಾಲಾಗಿ ನಿಂತರು. ಪದ್ಮರಾಜಯ್ಯನವರು ಮೊದಲಿಗೆ ತಮ್ಮದೇ ಕೋಲು ಕೊಟ್ಟರು. ಸಾಬರು ಹಿಡಿ ಮುಟ್ಟಿದರು. ಇನ್ನೊಂದು ತುದಿ ಹಿಡಿದಿದ್ದ ಪದ್ಮರಾಜಯ್ಯನವರು ಕಣ್ಣು ಮುಚ್ಚಿಕೊಂಡರು. ಸಭೆಯೆಲ್ಲ ಒಂದೇ ಉಸಿರು ಬಿಟ್ಟಂತೆ ಸದ್ದಾಯಿತು. "ನಿಮ್ಮಪ್ಪ ಮಾಡಿಸಿದ್ದು ಇದು. ಮಳೆಗಾಲದಲ್ಲಿ ಮಾಡಿದ್ದೆ, ಮರ ಒಣಗೋದಕ್ಕೆ ಬಹಳ ಆಟ ಆಡಿಸ್ತು" ಎಂದರು ಸಾಬರು. ಅವರ ದನಿ ಇನ್ನೂ ಗಟ್ಟಿಯಾಗಿತ್ತು.

ಐದನೆಯವನು ಬೇರೆ ಊರಿನಿಂದ ಬಂದವನು. ಸಾಬರ ಕೋಲೆಂದೇ ಯಾರಿಂದಲೋ ಪಡೆದಿದ್ದನಂತೆ, ಪಾಲಿಶ್ ಮಾಡಿಸಿ ರೇಷ್ಮೆಯಲ್ಲಿ ಸುತ್ತಿ ತಂದಿದ್ದ. ಸಾಬರು ಮುಟ್ಟಿದರು, ಕಾದರು. ಕೈ ಬದಲಿಸಿ ಮತ್ತೆ ಮುಟ್ಟಿದರು. ನಂತರ ಮೆಲ್ಲಗೆ "ನಂದಲ್ಲಪ್ಪ" ಎಂದರು. ಯಾರೋ ಹಿಂದೆ ಕಿಸಕ್ಕೆಂದರು. ಆ ಮನುಷ್ಯ ರೇಷ್ಮೆಯನ್ನೂ ಸುತ್ತದೆ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಯಾರ ಮುಖವನ್ನೂ ನೋಡದೆ ಬಾಗಿಲಿನ ಕಡೆಗೆ ನಡೆದ. ಅಷ್ಟು ಉದ್ದದ ಟಾಕೀಸಿನಲ್ಲಿ ಅವನ ಚಪ್ಪಲಿಯ ಸದ್ದೊಂದೇ.

ಹಾಲಪ್ಪನ ಮುಂದೆ ಇನ್ನು ಮೂವರಿದ್ದರು. ನಾನು ಹೋಗಿ ಅವನ ತೋಳು ಹಿಡಿದೆ. "ಒಂದು ನಿಮಿಷ ಹೊರಗೆ ಬಾ."

"ಈಗೇನೋ? ಸರದಿ ತಪ್ಪುತ್ತೆ."

"ತಪ್ಪಲಿ ಬಾ."

ನನ್ನ ಮುಖದಲ್ಲಿ ಏನು ಕಂಡಿತೋ, ಬಂದ. ಹಳೆಯ ಟಿಕೆಟ್ ಕಿಂಡಿಯ ಹತ್ತಿರ ನಿಲ್ಲಿಸಿ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ, ಅದಕ್ಕೆ ಹೊತ್ತಿರಲಿಲ್ಲ. "ನಿನ್ನ ಕೋಲು ಸಾಬರದ್ದಲ್ಲ. ಸಾಬರದ್ದನ್ನ ನಾನು ಮುರಿದೆ. ನೀನು ಮಗಳ ಬಾಣಂತನಕ್ಕೆ ಹೋಗಿದ್ದಾಗ. ಸಿಟ್ಟಲ್ಲಿ ಮೇಜಿಗೆ ಹೊಡೆದೆ. ಇದು ನಾನು ಮಾಡಿದ್ದು." ನನ್ನ ಮಾತು ನನಗೇ ಬೇರೆ ಯಾರೋ ಆಡಿದಂತೆ ಕೇಳಿತು. ಆದರೆ ಎದೆಯ ಮೇಲಿನ ಬಂಡೆಯನ್ನು ಯಾರೋ ಒಂದು ಕಡೆಯಿಂದ ಎತ್ತಿದ ಹಾಗಾಯಿತು. ಇನ್ನು ಅವನು ಏನು ಮಾಡಿದರೂ ಸರಿ, ಹೇಳಿಯಾಗಿತ್ತು.

ಹಾಲಪ್ಪ ಚೀಲದ ದಾರವನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತ. "ಮುರಿದಿದ್ದು ಎಲ್ಲಿದೆ?"

"ಅಟ್ಟದ ಮೇಲಿದೆ. ಬಿಸಾಡೋಕೆ ಆಗ್ಲಿಲ್ಲ."

"ನಾನು ಪಂದ್ಯ ಗೆದ್ನಲ್ಲ, ಮೂರು ಸಲ. ಅದು?"

"ಇದರಲ್ಲೇ."

ಅವನು ಚೀಲವನ್ನೊಮ್ಮೆ ನೋಡಿದ. ನಂತರ ಒಳಗೆ ನಡೆದ. ಮನೆಗೆ ಹೋಗುತ್ತಾನೆಂದುಕೊಂಡಿದ್ದೆ. ಅವನು ಹೋಗಿ ಸಾಲಿನ ಕೊನೆಯಲ್ಲಿ ನಿಂತ. ನಾನು ಹಿಂದೆ ಹೋಗಿ, "ಬೇಡ ಹಾಲಪ್ಪ, ನಗ್ತಾರೆ" ಎಂದು ಪಿಸುಗುಟ್ಟಿದೆ. ಅವನು ತಿರುಗಲಿಲ್ಲ. ಅವನ ಕತ್ತಿನ ಹಿಂಭಾಗ ಕೆಂಪಾಗಿತ್ತು. ನನ್ನನ್ನು ಎಲ್ಲರ ಎದುರು ನಿಲ್ಲಿಸುತ್ತಾನೆ ಎಂದು ತಿಳಿಯಿತು. ನಿಲ್ಲಿಸಲಿ, ಅದು ನ್ಯಾಯವೇ ಎನ್ನಿಸಿತು.

ಸರದಿ ಬಂತು. ಪದ್ಮರಾಜಯ್ಯನವರು, "ಬನ್ನಿ ಹಾಲಪ್ಪ, ನಿಮ್ಮದೇ ಕೊನೇದು" ಎಂದರು. ಹಾಲಪ್ಪ ಚೀಲದಿಂದ ಕೋಲು ತೆಗೆದು ಸಾಬರ ಮಡಿಲಿಗಿಟ್ಟು, ಅವರು ಮುಟ್ಟುವ ಮುಂಚೆಯೇ, ರೋಲರಿನ ಸದ್ದಿನ ಮೇಲೆ ಮಾತಾಡಿ ರೂಢಿಯಾದ ದನಿಯಲ್ಲಿ ಹೇಳಿದ: "ಸಾಬ್ರೇ, ಇದು ನಿಮ್ಮದಲ್ಲ. ನೀವು ಕೊಟ್ಟಿದ್ದನ್ನ ಇಲ್ಲಿ ನಿಂತಿದಾನಲ್ಲ, ಈ ಭುಜಂಗ, ಮುರಿದುಹಾಕ್ದ. ಆಮೇಲೆ ಇದನ್ನ ಮಾಡಿಟ್ಟ. ಹದಿನೆಂಟು ವರ್ಷ ನಾನು ಇದರಲ್ಲೇ ಆಡಿದೀನಿ, ನಂಗೆ ವ್ಯತ್ಯಾಸ ಗೊತ್ತಾಗ್ಲಿಲ್ಲ. ಗೊತ್ತಿರೋರು ನೀವು. ಹೇಗಿದೆ, ನೋಡಿ ಹೇಳಿ."

ಟಾಕೀಸಿನಲ್ಲಿ ಗುಸುಗುಸು ಎದ್ದಿತು. ಸಾಬರು ತಲೆಯೆತ್ತಿ ನನ್ನನ್ನು ನೋಡಿದರು. ಜೈತೂನ್ ಕೈಯಿಂದ ಕನ್ನಡಕ ತೆಗೆದುಕೊಂಡು ಹಾಕಿಕೊಂಡರು. ಬೆಸುಗೆಯ ಮೇಲೆ ಉಗುರು ಎಳೆದರು. ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿದರು. ಎರಡು ಬೆರಳ ಮೇಲೆ ಅಡ್ಡವಾಗಿಟ್ಟು ತೂಗಿದರು. ಮತ್ತೆ ತೂಗಿದರು. ಅವರ ಗಡ್ಡ ಅಲುಗತೊಡಗಿತು. ಸಿಟ್ಟೆಂದುಕೊಂಡೆ. ಅವರು ನಗುತ್ತಿದ್ದರು.

"ಬಾಪ್ಪ ಇಲ್ಲಿ" ಎಂದರು ನನಗೆ. "ತೂಕ ಅರ್ಧ ಬೆರಳು ಹಿಂದಕ್ಕೆ ಬಿದ್ದಿದೆ. ಯಾಕೆ?"

"ನಿಮ್ಮದರಲ್ಲೂ ಅಲ್ಲೇ ಇತ್ತು, ಸಾಬ್ರೇ."

"ಅದು ನಾನು ಮಾಡಿದ ತಪ್ಪು! ಆ ವರ್ಷ ಎಲ್ಲಾ ಕೋಲಿಗೂ ಆಗಿತ್ತು, ಯಾರಿಗೂ ಹೇಳಿರಲಿಲ್ಲ. ನೋಡಮ್ಮ ಜೈತೂನ್, ಈ ಮಹರಾಯ ನನ್ನ ತಪ್ಪನ್ನೂ ಬಿಡದೆ ಮಾಡಿದಾನೆ." ಅವರ ನಗು ಕೆಮ್ಮಾಗಿ, ಮಗಳು ನೀರು ಕೊಟ್ಟಳು. ನೀರು ಕುಡಿದು ಬಾಯಿ ಒರೆಸಿಕೊಂಡು, "ಮರಕ್ಕೆ ಮೋಸ ಮಾಡಿಲ್ಲ ನೀನು. ಇವರಿಗೆ ಮಾಡಿದೀಯ, ಅದು ನಿಮ್ಮಿಬ್ಬರದ್ದು. ಎಲ್ಲಿ, ಹಿಡಿ" ಎಂದು ಕೋಲನ್ನು ನನ್ನ ಕಡೆಗೆ ಚಾಚಿದರು.

ನಾನು ಹಿಡಿಯಲಿಲ್ಲ. ಹದಿನೆಂಟು ವರ್ಷದ ಅಭ್ಯಾಸ, ಕೈ ತಾನಾಗಿ ಹಿಂದಕ್ಕೆ ಹೋಯಿತು. ಹಾಲಪ್ಪ ತುದಿಯನ್ನು ತನ್ನ ಮುಷ್ಟಿಯಲ್ಲಿ ಹಿಡಿದು, "ಮುಟ್ಟೋ" ಎಂದ. ಮುಟ್ಟಿದೆ. ಬೀಟೆಯ ಹಿಡಿ ಒಂದು ಗಳಿಗೆ ತಣ್ಣಗಿತ್ತು. ಆಮೇಲೆ ಅಂಗೈಯ ನಡುವಿನಿಂದ ಬಿಸಿ ಶುರುವಾಗಿ, ಬೆರಳುಗಳಿಗೆ ಹಬ್ಬಿ, ಹಾಲೆ ಮರದ ಉದ್ದಕ್ಕೂ ಹರಿದು ಹೋಯಿತು. ಅದು ತಲುಪಿದ್ದು ನನಗೆ ಹಾಲಪ್ಪನ ಮುಖದಲ್ಲಿ ಕಂಡಿತು.

"ಇದಕ್ಕೇನೋ ನೀನು ಮುಟ್ತಾ ಇರ್ಲಿಲ್ಲ?" ಎಂದ, ಈ ಸಲ ಮೆಲ್ಲಗೆ.

"ಇನ್ನೇನಕ್ಕೆ?"

"ನಾನು ಬೇರೆ ಅಂದ್ಕೊಂಡಿದ್ದೆ ಕಣೋ. ರೋಲರ್ ಓಡಿಸೋನಿಗೆ ಯಾಕೆ ಸಾಬ್ರ ಕೋಲು ಅಂತ ನಿನಗೆ ಹೊಟ್ಟೆಯುರಿ ಅಂತ. ಅವತ್ತು ಕೋಲು ಬಿದ್ದಾಗ ನೀನು ಹಿಡೀಲಿಲ್ಲ ನೋಡು, ಅವತ್ತಿಂದ. ಎಲ್ಲರಿಗೂ ತೋರಿಸಿ ಖುಷಿಪಟ್ಟೆ, ನಿನ್ನ ಮುಂದೆ ಮಾತ್ರ ಅದನ್ನ ಚೀಲಕ್ಕೆ ಹಾಕಿಬಿಡ್ತಿದ್ದೆ."

ಹದಿನೆಂಟು ವರ್ಷ ನನ್ನ ಭಯವೊಂದನ್ನೇ ಲೆಕ್ಕ ಹಾಕಿಕೊಂಡಿದ್ದೆ, ಅವನ ಕಡೆ ಏನಾಗುತ್ತಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಕೋಲು ನಮ್ಮಿಬ್ಬರ ನಡುವೆ ಬೆಚ್ಚಗೆ ಇತ್ತು. ಅಷ್ಟರಲ್ಲಿ ಪದ್ಮರಾಜಯ್ಯನವರು, ಇದು ಒಂಬತ್ತರ ಮೇಜಿನಲ್ಲಿ ಇಡುವಂತಿಲ್ಲ, ಬೇರೆ ಚೀಟಿ ಬರೆಯಬೇಕು, ಏನೆಂದು ಬರೆಯುವುದು ಎಂದು ಪೆನ್ನು ಹಿಡಿದು ಒದ್ದಾಡುತ್ತಿದ್ದರು. "ಮಾಡಿದವರು ಭುಜಂಗರಾವ್ ಅಂತ ಬರೀರಿ. ಯಜಮಾನರು ಹಾಲಪ್ಪ ಅಂತಾನೂ ಬರೀರಿ. ಕುರ್ಚಿ ಎಲ್ಲಿ ಹಾಕಿದೀರಿ ನಂಗೆ?" ಎಂದ ಹಾಲಪ್ಪ. ಸಾಬರು ತಮ್ಮ ಕುರ್ಚಿಯ ಪಕ್ಕದ ಜಾಗ ತೋರಿಸಿದರು. ಅವನು ಅಲ್ಲೇ ಕೂತ. ನಗಬೇಕೆಂದಿದ್ದವರು ನಗಲಿಲ್ಲ. ಹಿಂದಿನ ಸಾಲಿನಿಂದ ಇಬ್ಬರು ಮೂವರು ಬಂದು ಬೆಸುಗೆಯ ಮೇಲೆ ಬೆರಳಾಡಿಸಿ, ಉಳಿ ಯಾವುದು, ಮರ ಎಲ್ಲಿಯದು ಎಂದು ನನ್ನನ್ನೇ ಕೇಳಿದರು.

ಪ್ರದರ್ಶನ ಮುಗಿದು ಹೊರಗೆ ಬಂದಾಗ ಬಿಸಿಲು ಇನ್ನೂ ಇತ್ತು. ಟಾಕೀಸಿನ ಮೆಟ್ಟಿಲು ಇಳಿಯುತ್ತಿದ್ದ ಹಾಗೆ ಹಾಲಪ್ಪ ಬೈಯಲು ಶುರುಮಾಡಿದ. ಒಳಗೆ ಜನರ ಎದುರು ತಡೆದಿಟ್ಟುಕೊಂಡಿದ್ದು ಈಗ ಬಂತು. ಪರರ ಸಾಮಾನು ಮುಟ್ಟಿದ್ದಕ್ಕೆ ಬೈದ, ಮುರಿದದ್ದಕ್ಕೆ ಬೈದ, ಟವೆಲಿನಲ್ಲಿ ಸುತ್ತಿ ಕೊಟ್ಟದ್ದಕ್ಕೆ ಬೈದ. ತಾನು "ಚರ್ಮ ಚೆನ್ನಾಗಿದೆ" ಎಂದಾಗ ನಾನು "ಹೌದು" ಎಂದದ್ದು ನೆನಪಾಗಿ ನಡುರಸ್ತೆಯಲ್ಲಿ ನಿಂತು ಬೈದ. ಕಾಲುವೆಯ ಪಕ್ಕದ ಹೋಟೆಲಿನಲ್ಲಿ ಎರಡು ಪ್ಲೇಟ್ ಇಡ್ಲಿ ಹೇಳಿ, ಬರುವ ತನಕ ಸುಮ್ಮನಿದ್ದು, ಬಂದ ಮೇಲೆ ಎಲ್ಲಿ ಬಿಟ್ಟಿದ್ದನೋ ಅಲ್ಲಿಂದ ಮುಂದುವರಿಸಿದ. ನನಗೆ ಒಂಬತ್ತು ದಿನದ ಹಸಿವು ಒಟ್ಟಿಗೇ ಬಂದಿತ್ತು. ಅವನು ಬೈಯುತ್ತಿದ್ದರೆ ನಾನು ಇಡ್ಲಿಯ ಮೇಲೆ ಇಡ್ಲಿ ತರಿಸಿಕೊಂಡು ತಿಂದೆ. ಕೊನೆಗೆ ಅವನೇ ತನ್ನ ಚಟ್ನಿಯ ಬಟ್ಟಲು ನನ್ನ ಕಡೆಗೆ ತಳ್ಳಿದ.

ಅವನ ಮನೆಯ ತಿರುವು ಬಂತು. ನಿಂತ. "ಮುಗಿದಿಲ್ಲ ಇದು. ಹದಿನೆಂಟು ವರ್ಷದ್ದು ಇನ್ನೂ ಬಾಕಿ ಇದೆ. ನಾಳೆ ಬಾ."

"ಎಷ್ಟು ಹೊತ್ತಿಗೆ ಬರ್ಲಿ?"

ಹಾಲಪ್ಪ ಸ್ವಲ್ಪ ಯೋಚಿಸಿದ. "ಬೆಳಿಗ್ಗೆ ತಿಂಡಿಗೇ ಬಾ" ಎಂದ.